ಮಾರ್ಚ್ ತಿಂಗಳ ಹಾಡುಗಳು: ಜಪಾನಿಗೆ ಹೊಸದಾಗಿ ಬಂದವರಿಗೆ

ನೀವು ಕೇಳಿದ್ದು ಇಷ್ಟು: ಟೋಕಿಯೊಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮಗಳು ಆರನೇ ತರಗತಿ (ಇಲ್ಲಿ ಪ್ರಾಥಮಿಕ ಶಾಲೆಯ ಕೊನೇ ವರ್ಷ), ಮಗನಿಗೆ ಹೊಯಿಕುಎನ್‌ನಲ್ಲಿ (ಶಿಶುವಿಹಾರ) ಕೊನೇ ವರ್ಷ. ಮಾರ್ಚ್‌ನಲ್ಲಿ ಇಬ್ಬರಿಗೂ ಬೀಳ್ಕೊಡುಗೆ, ಜೊತೆಗೆ ನಿಮ್ಮ ಮನೆಯವರ ಆಫೀಸಿನಲ್ಲೂ ಒಂದು. ಎಲ್ಲ ಕಡೆಯೂ ಹಾಡಿನ ಮಾತೇ. ಯಾವುದನ್ನು ಕಲಿಯಬೇಕು, ಕಲಿಯದಿದ್ದರೆ ನಡೆಯುತ್ತದೆಯೇ?

ಕಲಿಯದಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಆದರೂ ಒಂದೆರಡನ್ನು ಕಲಿಯಿರಿ. ಇಲ್ಲಿ ಬೀಳ್ಕೊಡುಗೆಯ ಜೀವ ಇರುವುದೇ ಹಾಡಿನಲ್ಲಿ. ನಮ್ಮೂರಿನ ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಭಾಷಣ, ತಿಂಡಿ, ಫೋಟೊ ಮಾಡಿ ಕಳಿಸುತ್ತೇವೆ. ಇಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಒಂದು ಸಮೂಹಗಾನದಲ್ಲಿ ಕಳಿಸುತ್ತಾರೆ. ಆದರೆ ಯಾವ ಹಾಡಾದರೂ ಎಲ್ಲಿಗಾದರೂ ಸಲ್ಲುತ್ತದೆ ಅಂದುಕೊಳ್ಳಬೇಡಿ. ಶಿಶುವಿಹಾರದ್ದು ಬೇರೆ, ಶಾಲೆಯದು ಬೇರೆ, ಕರೋಕೆಯದು ಬೇರೆ.

ಮೊದಲು ಮಗನದು. ಹೊಯಿಕುಎನ್‌ನಲ್ಲಿ ಹೆಚ್ಚಾಗಿ ಕೇಳಿಬರುವುದು 'ಒಮೊಯಿದೆ ನೊ ಆರುಬಾಮು'. ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಎಂದು ವರ್ಷವನ್ನು ಒಂದೊಂದು ನುಡಿಯಲ್ಲಿ ನೆನೆಯುತ್ತಾ, ಕೊನೆಗೆ 'ಇನ್ನೇನು ಒಂದನೇ ತರಗತಿ' ಅನ್ನುವಲ್ಲಿಗೆ ಬರುತ್ತದೆ. ರಾಗ ನಿಧಾನ, ಸಾಲುಗಳು ಮರುಕಳಿಸುತ್ತವೆ, ಹೊಸಬರಿಗೆ ಇದಕ್ಕಿಂತ ಸುಲಭದ್ದು ಸಿಗುವುದಿಲ್ಲ. ಇನ್ನೊಂದು 'ಸಾಯೊನಾರಾ ಬೊಕುತಾಚಿ ನೊ ಹೊಯಿಕುಎನ್'. ಇದನ್ನು ಯೋಚಿಎನ್ (ಇನ್ನೊಂದು ಬಗೆಯ ಶಿಶುವಿಹಾರ, ಕಿಂಡರ್‌ಗಾರ್ಟನ್) ಮಕ್ಕಳು 'ಹೊಯಿಕುಎನ್' ಇರುವಲ್ಲಿ 'ಯೋಚಿಎನ್' ಹಾಕಿ ಹಾಡುತ್ತಾರೆ. ಅಂತರ್ಜಾಲದಲ್ಲಿ ಎರಡೂ ಇವೆ, ಮನೆಯಲ್ಲಿ ಅಭ್ಯಾಸಕ್ಕೆ ಹಾಕುವಾಗ ನಿಮ್ಮ ಮಗನದು ಯಾವುದೆಂದು ನೋಡಿ ಹಾಕಿ. ಇಲ್ಲದಿದ್ದರೆ ಮಗು ಒಂದು ಪದ ಬೇರೆಯಾಗಿ ಹೇಳಿ, ಪಕ್ಕದವರು ತಿರುಗಿ ನೋಡಿದಾಗ ಹಾಡನ್ನೇ ನಿಲ್ಲಿಸಿಬಿಡುತ್ತದೆ. ಮೂರನೆಯದು 'ಇಚಿನೆನ್‌ಸೇ ನಿ ನತ್ತರಾ'. ನೂರು ಗೆಳೆಯರು ಸಿಗುತ್ತಾರಾ, ಫುಜಿ ಬೆಟ್ಟದ ಮೇಲೆ ಅನ್ನದ ಉಂಡೆ ತಿನ್ನೋಣ ಎನ್ನುವ ಉತ್ಸಾಹದ ಹಾಡು. ಸಮಾರಂಭದ ನಂತರದ ಶಾಒನ್‌ಕಾಯಿ ಎಂಬ ಕೃತಜ್ಞತಾ ಕೂಟದಲ್ಲಿ ಪೋಷಕರೂ ಸೇರಿ ಶಿಕ್ಷಕಿಯರಿಗಾಗಿ ಒಂದು ಹಾಡು ಹಾಡುವುದುಂಟು. ಹಾಗೆ ಇದ್ದರೆ ಹಿಂದಿನ ಸಾಲಿಗೆ ಸರಿಯಬೇಡಿ, ಮಗ ನಿಮ್ಮನ್ನೇ ಹುಡುಕುತ್ತಿರುತ್ತಾನೆ.

ಈಗ ಮಗಳದು, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಳೆಯ ತಲೆಮಾರಿನವರು ಹಾಡಿ ಹೊರಬಂದದ್ದು 'ಹೊತಾರು ನೊ ಹಿಕಾರಿ' ಮತ್ತು 'ಆಓಗೆಬಾ ತೋತೋಶಿ' ಹಾಡುಗಳನ್ನು. ಮೊದಲನೆಯದು 1881ರ ಶಾಲಾ ಹಾಡಿನ ಪುಸ್ತಕದ್ದು, ಸ್ಕಾಟ್ಲೆಂಡಿನ 'ಆಲ್ಡ್ ಲ್ಯಾಂಗ್ ಸೈನ್' ರಾಗಕ್ಕೆ ಜಪಾನಿ ಸಾಹಿತ್ಯ. ಮಿಂಚುಹುಳದ ಬೆಳಕಲ್ಲಿ, ಕಿಟಕಿಯ ಹಿಮದ ಬೆಳಕಲ್ಲಿ ಓದಿದ ದಿನಗಳು ಅಂತ ಶುರುವಾಗುತ್ತದೆ. ಎರಡನೆಯದು 1884ರದ್ದು, ಗುರುಗಳಿಗೆ ನಮಿಸುವ ಹಾಡು. ಅದರ ಮೂಲ ಯಾರಿಗೂ ಬಹುಕಾಲ ತಿಳಿದಿರಲಿಲ್ಲ, 1871ರ ಒಂದು ಅಮೆರಿಕನ್ ಹಾಡಿನ ಪುಸ್ತಕದಲ್ಲಿದೆ ಎಂದು 2011ರಲ್ಲಿ ಗೊತ್ತಾಯಿತು. ಎರಡರ ಭಾಷೆಯೂ ಹಳೆಯ ಜಪಾನಿ, ಇಂದಿನ ಮಕ್ಕಳಿಗೇ ಪೂರ್ತಿ ಅರ್ಥವಾಗುವುದಿಲ್ಲ. ಇವುಗಳ ಜಾಗಕ್ಕೆ ಬಂದ ಹಾಡು 'ತಬಿದಾಚಿ ನೊ ಹಿ ನಿ'. ಸೈತಾಮಾ ಪ್ರಾಂತ್ಯದ ಚಿಚಿಬುವಿನ ಕಾಗೆಮೊರಿ ಮಾಧ್ಯಮಿಕ ಶಾಲೆಯಲ್ಲಿ 1991ರಲ್ಲಿ ಹುಟ್ಟಿದ್ದು. ಸಾಹಿತ್ಯ ಅಲ್ಲಿನ ಮುಖ್ಯೋಪಾಧ್ಯಾಯ ಕೊಜಿಮಾ ನೊಬೊರು ಅವರದು, ರಾಗ ಸಂಗೀತದ ಶಿಕ್ಷಕಿಯದು. ಹೊರಟು ನಿಂತ ಮಕ್ಕಳಿಗೆ ಶಿಕ್ಷಕರೇ ಹಾಡಿದ ಉಡುಗೊರೆ ಅದು. ಅಲ್ಲಿಂದ ದೇಶವಿಡೀ ಹರಡಿತು.

ಮಗಳ ಕೈಗೆ ಈ ಹಾಡಿನ ಕಾಗದ ಬಂದರೆ ಮೊದಲು ಅದರ ತಲೆಬರಹ ನೋಡಿ. 'ದೋಸೇ ನಿಬು' ಎಂದಿದ್ದರೆ ಎರಡು ದನಿಯದು, ಪ್ರಾಥಮಿಕ ಶಾಲೆಗೆ ಸಾಮಾನ್ಯವಾಗಿ ಇದೇ. 'ಕೊನ್‌ಸೇ ಸಾಂಬು' ಎಂದಿದ್ದರೆ ಹುಡುಗರ ದನಿಯೂ ಸೇರಿದ ಮೂರು ದನಿಯದು, ಮಾಧ್ಯಮಿಕ ಶಾಲೆಗೆ. ಮನೆಯಲ್ಲಿ ತಪ್ಪಾಗುವುದು ಹೀಗೆ: ಯೂಟ್ಯೂಬ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಹಾಕುತ್ತೇವೆ, ಅದರಲ್ಲಿ ಎದ್ದು ಕೇಳುವುದು ಮೇಲಿನ ದನಿ. ಮಗಳಿಗೆ ಶಾಲೆಯಲ್ಲಿ ಕೆಳದನಿ, ಅಂದರೆ 'ಆರುತೊ' ಕೊಟ್ಟಿದ್ದರೆ, ವಾರಗಟ್ಟಲೆ ಮೇಲಿನದನ್ನೇ ಕೇಳಿ ಕಿವಿ ಅತ್ತ ವಾಲುತ್ತದೆ. ವೇದಿಕೆಯ ಮೇಲೆ ಪಲ್ಲವಿ ಬಂದಾಗ ದನಿ ಜಾರಿ ಮೇಲಿನವರ ಜೊತೆ ಸೇರಿಬಿಡುತ್ತದೆ. ಅದಕ್ಕೇ ಹಾಡಿನ ಹೆಸರಿನ ಜೊತೆ 'ಆರುತೊ' ಮತ್ತು 'ಪಾತೊ ರೆನ್‌ಶೂ' (ಒಂದೇ ದನಿಯ ಅಭ್ಯಾಸ) ಎಂದು ಸೇರಿಸಿ ಹುಡುಕಿ. ಮೂರು ದಿನ ಆ ದನಿ ಮಾತ್ರ, ಆಮೇಲೆ ನೀವು ಮೇಲಿನ ದನಿ ಹಾಡಿ, ಅವಳು ಕೆಳಗಿನದನ್ನು ಬಿಡದೆ ಹಿಡಿಯಲಿ. ಎದುರು ದನಿ ಕೇಳುತ್ತಲೇ ತನ್ನದನ್ನು ಹಿಡಿಯುವುದೇ ಇದರಲ್ಲಿ ಕಷ್ಟದ ಭಾಗ.

ಕಾಂಜಿ (ಚೀನಾ ಮೂಲದ ಅಕ್ಷರಗಳು) ಓದಲು ಬರದಿದ್ದರೆ ಸಾಹಿತ್ಯವನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಎ-ಏ, ಒ-ಓ ಭೇದ ನಮ್ಮ ಲಿಪಿಯಲ್ಲಿ ಸ್ಪಷ್ಟವಾಗಿರುವುದರಿಂದ ಜಪಾನಿಗೆ ಚೆನ್ನಾಗಿ ಒಗ್ಗುತ್ತದೆ. ಎಡವುವುದು ತಾಳದಲ್ಲಿ. ಇಲ್ಲಿ ದೀರ್ಘ ಸ್ವರಕ್ಕೆ ಎರಡು ಮಾತ್ರೆ, ಪದದ ನಡುವಿನ ಅರೆ 'ನ್'ಗೂ, ಒತ್ತಿಗೂ ಒಂದೊಂದು ಪೂರ್ತಿ ಮಾತ್ರೆ. 'ಸೆನ್‌ಸೇ'ಗೆ ನಾವು ಎರಡು ಬಡಿತ ಹಾಕುತ್ತೇವೆ, ಅವರದು ನಾಲ್ಕು. ಆ 'ನ್' ಮೇಲೆ ಒಂದು ಚುಕ್ಕೆ ಇಟ್ಟುಕೊಂಡರೆ ಸಾಲು ಮೊದಲೇ ಮುಗಿದುಹೋಗುವುದು ತಪ್ಪುತ್ತದೆ.

ಪ್ರಾಥಮಿಕ ಶಾಲೆಯಲ್ಲಿ ಹಾಡಿನ ಜೊತೆ 'ಯೊಬಿಕಾಕೆ' ಕೂಡ ಇರುತ್ತದೆ. ಮಕ್ಕಳು ಮೆಟ್ಟಿಲು ವೇದಿಕೆಯಲ್ಲಿ ನಿಂತು ಒಬ್ಬೊಬ್ಬರೂ ಒಂದೊಂದು ಸಾಲು ಗಟ್ಟಿಯಾಗಿ ಹೇಳುತ್ತಾರೆ, ನಡುನಡುವೆ ಹಾಡು. ಸಾಲು ಚಿಕ್ಕದೇ, ಆದರೆ ಮೈಕ್ ಇಲ್ಲದೆ ಜಿಮ್ನೇಷಿಯಂ ತುದಿಗೆ ಕೇಳಬೇಕು. ಮನೆಯಲ್ಲಿ ಕೋಣೆಯಿಂದ ಕೋಣೆಗೆ ಕೂಗಿಸಿ ಅಭ್ಯಾಸ ಮಾಡಿಸಿ.

ಆ ದಿನ ನಿಮ್ಮ ಪಾಲಿನದು ಕಡಿಮೆ. 'ಕಿರಿತ್ಸು' ಅಂದಾಗ ಏಳಿ, 'ರೇ' ಅಂದಾಗ ಬಾಗಿ, 'ಚಾಕುಸೆಕಿ' ಅಂದಾಗ ಕೂರಿ. ರಾಷ್ಟ್ರಗೀತೆ 'ಕಿಮಿಗಾಯೊ'ಗೆ ಎದ್ದು ನಿಂತರೆ ಸಾಕು. ಮಕ್ಕಳು ಒಳಗೆ ಬರುವಾಗ, ಹೊರಡುವಾಗ ಚಪ್ಪಾಳೆ ಇರುತ್ತದೆ. ಹಾಡು ಮುಗಿದಾಗ ಮಾತ್ರ ಕೈ ತಡೆದು ಅಕ್ಕಪಕ್ಕ ನೋಡಿ, ಬಹಳ ಕಡೆ ಅಲ್ಲಿ ಚಪ್ಪಾಳೆ ಇಲ್ಲ, ಮೌನವೇ. ಒಳಗೆ ಹಾಕಲು ಸ್ಲಿಪ್ಪರ್, ಹೊರಗಿನ ಚಪ್ಪಲಿಗೆ ಒಂದು ಚೀಲ, ಚಳಿಗೆ ಎರಡು 'ಕಾಯಿರೊ' ಬಿಸಿ ಪೊಟ್ಟಣ ಇಟ್ಟುಕೊಳ್ಳಿ. ಸೀರೆ ಉಟ್ಟರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅವರಲ್ಲೂ ಕಿಮೊನೊ ಉಟ್ಟು ಬರುವವರಿದ್ದಾರೆ.

ಶಾಒನ್‌ಕಾಯಿಗೆ ಫೋಟೊಗಳ ವೀಡಿಯೊ ಮಾಡುವ ಕೆಲಸ ಭಾರತೀಯರ ಪಾಲಿಗೆ ಬರುವುದು ಹೆಚ್ಚು. ನಾಲ್ಕೂವರೆ ನಿಮಿಷದ ಹಾಡಿಗೆ, ಚಿತ್ರಕ್ಕೆ ಆರೇಳು ಸೆಕೆಂಡಿನಂತೆ, ನಲವತ್ತು ಚಿತ್ರ ಹಿಡಿಯುತ್ತವೆ. ಪ್ರತಿ ಮಗುವೂ ಸಮಸಮವಾಗಿ ಕಾಣಬೇಕು, ಎಣಿಸಿಯೇ ಜೋಡಿಸಿ. ಟಿಕೆಟ್ಟಿಲ್ಲದ ಕೂಟದಲ್ಲಿ ಸಿ.ಡಿ. ಹಾಡು ಕೇಳಿಸುವುದಕ್ಕೆ ತೊಡಕಿಲ್ಲ. ಅದೇ ಹಾಡನ್ನು ಡಿವಿಡಿಗೆ ಸೇರಿಸಿ ಹಂಚುವುದಕ್ಕೆ ಮಾತ್ರ ಹಕ್ಕುದಾರರ ಅನುಮತಿ ಬೇಕು: ಸಾಹಿತ್ಯ-ರಾಗಕ್ಕೆ ಜಾಸ್ರಾಕ್ ಎಂಬ ಸಂಸ್ಥೆ, ಧ್ವನಿಮುದ್ರಣಕ್ಕೆ ಸಿ.ಡಿ. ಕಂಪನಿ. ಹಂಚುವುದಿದ್ದರೆ ಮಕ್ಕಳೇ ಹಾಡಿದ್ದನ್ನು ಧ್ವನಿಮುದ್ರಿಸಿ ಬಳಸಿ. ಆಗ ಕಂಪನಿಯ ಅನುಮತಿ ಬೇಕಾಗುವುದಿಲ್ಲ, ಜಾಸ್ರಾಕ್‌ನದು ಮಾತ್ರ ಬೇಕಾಗುತ್ತದೆ. ಕೇಳುವುದಕ್ಕೂ ಅದೇ ಚೆನ್ನ.

ಇನ್ನು ಆಫೀಸು. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿದು, ವರ್ಗಾವಣೆಗಳು ಏಪ್ರಿಲ್ 1ಕ್ಕೆ ಜಾರಿಯಾಗುವುದರಿಂದ ಸೋಬೆತ್ಸುಕಾಯಿಗಳೆಲ್ಲ (ಬೀಳ್ಕೊಡುಗೆ ಕೂಟಗಳು) ಮಾರ್ಚ್‌ನಲ್ಲೇ. ಊಟ ಮುಗಿದು ಕರೋಕೆಗೆ ಹೋದರೆ ಹಾಡು ಆರಿಸುವುದರಲ್ಲಿ ಎಚ್ಚರ ಬೇಕು. ಹೆಸರಿನಲ್ಲಿ 'ಸಾಯೊನಾರಾ' ಇದೆ ಎಂದು ಆರಿಸಿದ್ದು ಪ್ರೇಮಿಗಳು ದೂರವಾಗುವ ಹಾಡಾಗಿರುತ್ತದೆ. 'ನಾಗೊರಿ ಯುಕಿ' ಎಷ್ಟೇ ಇಂಪಾಗಿದ್ದರೂ ರೈಲು ನಿಲ್ದಾಣದಲ್ಲಿ ಹುಡುಗಿಯನ್ನು ಕಳಿಸಿಕೊಡುವ ಹಾಡು. ಒಜಾಕಿ ಯುತಾಕಾರ 1985ರ 'ಸೊತ್ಸುಗ್ಯೋ' ಶಾಲೆಯ ಗಾಜು ಒಡೆಯುವ ಹುಡುಗನ ಸಿಟ್ಟಿನದು. ನಿರಾಳವಾಗಿ ಹಾಡಬಹುದಾದ್ದು ರೆಮಿಒರೊಮೆನ್ ತಂಡದ 2004ರ 'ಸಾಂಗಾತ್ಸು ಕೊಕೊನೊಕಾ'. ಗೆಳೆಯನ ಮದುವೆಗೆಂದು ಬರೆದದ್ದು, ಈಗ ಬೀಳ್ಕೊಡುಗೆಯ ಹಾಡೇ ಆಗಿದೆ. ಮೊರಿಯಾಮಾ ನಾಓತಾರೊ ಅವರ 2003ರ 'ಸಾಕುರಾ' ಎಲ್ಲರಿಗೂ ಇಷ್ಟ, ಆದರೆ ದನಿ ಬಹಳ ಎತ್ತರಕ್ಕೆ ಏರುತ್ತದೆ. ಶುರುವಿನ ತಗ್ಗು ಸಾಲು ನೋಡಿ ಸುಲಭ ಅಂದುಕೊಂಡರೆ ಪಲ್ಲವಿಯಲ್ಲಿ ಗಂಟಲು ಕಟ್ಟುತ್ತದೆ. ಯಂತ್ರದಲ್ಲಿ ಶ್ರುತಿ ಇಳಿಸುವ ಗುಂಡಿ ಇದೆ, ಹಾಡು ಶುರುವಾಗುವ ಮೊದಲೇ ಎರಡು-ಮೂರು ಹಂತ ಇಳಿಸಿಕೊಳ್ಳಲು ಮನೆಯವರಿಗೆ ಹೇಳಿ. ಕಾಂಜಿ ಮೇಲೆ ಪುಟ್ಟ ಹಿರಾಗಾನಾ (ಉಚ್ಚಾರ ತೋರಿಸುವ ಸರಳ ಲಿಪಿ) ಬರುತ್ತದೆ, ಹಿರಾಗಾನಾ ಬಂದರೆ ಸಾಕು.

ಸಂಜೆ ಅಂಗಡಿಯಲ್ಲಿದ್ದಾಗ 'ಹೊತಾರು ನೊ ಹಿಕಾರಿ' ಥರದ ರಾಗ ಕೇಳಿದರೆ ಬಾಗಿಲು ಹಾಕುವ ಹೊತ್ತಾಯಿತು ಎಂದರ್ಥ. ಕಿವಿಗೊಟ್ಟರೆ ಅದು ಮೂರರ ತಾಳದಲ್ಲಿರುತ್ತದೆ, ಶಾಲೆಯದು ನಾಲ್ಕರದು. 'ವಾಟರ್‌ಲೂ ಬ್ರಿಜ್' ಸಿನಿಮಾದಲ್ಲಿ ಬಂದ ವಾಲ್ಟ್ಸ್ ಅನ್ನು ಕೊಸೆಕಿ ಯೂಜಿ ಜೋಡಿಸಿ ಕೊಟ್ಟ 'ವಾಕಾರೆ ನೊ ವಾರುತ್ಸು' ಅದು. ಬುಟ್ಟಿಯಲ್ಲಿ ಸಾಮಾನಿದ್ದರೆ ಆಗಲೇ ಗಲ್ಲಾದ ಕಡೆ ನಡೆಯಿರಿ.