1413ರ ದ್ರಾವಣದಲ್ಲಿ ಕ್ಯಾಲಿಬ್ರೇಷನ್ ಮಾಡಿದರೂ ಕಂಡಕ್ಟಿವಿಟಿ ಮೀಟರ್ ತಪ್ಪು ತೋರಿಸುವುದು ಯಾಕೆ?

ವಾರಕ್ಕೊಮ್ಮೆ ಕ್ಯಾಲಿಬ್ರೇಷನ್ ಮಾಡಿದರೂ ಬಾಯ್ಲರ್ ನೀರಿನ ಮೀಟರ್ (ನೀರಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಅಂತ ಅಳೆದು, ಕರಗಿದ ಲವಣ ಎಷ್ಟಿದೆ ಅಂತ ತಿಳಿಸುವುದು) ಒಂದೊಂದು ಸಲ ಒಂದೊಂದು ತೋರಿಸುತ್ತದೆ, ನೀರಿಗೆ ಇಳಿಸುವ ಅದರ ಪ್ರೋಬ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನು ಹಾಸನದ ಒಂದು ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ಹೆಚ್ಚಿನ ಸಲ ತಪ್ಪು ಪ್ರೋಬಿನದ್ದಲ್ಲ, ಅವಸರದ್ದು.

ಕ್ಯಾಲಿಬ್ರೇಷನ್ ಅಂದರೆ ಅಳತೆ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಕ್ಕೆ ಮೀಟರನ್ನು ಹೊಂದಿಸುವುದು. ಆ ದ್ರಾವಣದ ಬಾಟಲಿ ಮೇಲೆ 1413 ಮೈಕ್ರೋಸೀಮೆನ್ಸ್ ಅಂತ ಇರುತ್ತಲ್ವಾ, ಅದು 25 ಡಿಗ್ರಿಗೆ ಮಾತ್ರ. ಅದೇ ದ್ರಾವಣ 20 ಡಿಗ್ರಿಯಲ್ಲಿ 1278. ಮೀಟರ್ ಈ ವ್ಯತ್ಯಾಸವನ್ನು ತಾನೇ ಸರಿಮಾಡಿಕೊಳ್ಳುತ್ತದೆ ನಿಜ, ಆದರೆ ಪ್ರೋಬಿನೊಳಗಿನ ಟೆಂಪರೇಚರ್ ಸೆನ್ಸರ್ ಹೇಳಿದ ಲೆಕ್ಕವನ್ನೇ ಅದು ನಂಬುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಡಿಸೆಂಬರ್‌ನ ಒಂದು ಬೆಳಗ್ಗೆ, ಬಿಸಿ ಲೈನಿನಿಂದ ಪ್ರೋಬ್ ತೆಗೆದು ಸೀದಾ ತಣ್ಣನೆ ದ್ರಾವಣಕ್ಕೆ ಇಳಿಸಿ ಬಟನ್ ಒತ್ತಿಬಿಟ್ಟಿದ್ದೆ. ಸೆನ್ಸರ್ ಇನ್ನೂ ಬಿಸಿಯಾಗಿಯೇ ಇತ್ತು, ದ್ರಾವಣವೂ ಬಿಸಿ ಅಂತ ಮೀಟರ್ ನಂಬಿ ತಪ್ಪಾಗಿ ಹೊಂದಿಕೊಂಡಿತು. ಅವತ್ತಿನಿಂದ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸಿ, ಲವಣ ಹೆಚ್ಚಾದಾಗ ಬಾಯ್ಲರ್ ನೀರನ್ನು ಹೊರಬಿಡುವ ಬ್ಲೋಡೌನ್ ವಾಲ್ವ್ ಸುಮ್ಸುಮ್ನೆ ತೆರೆದುಕೊಂಡು, ಕಾಯಿಸಿದ ನೀರೆಲ್ಲ ಚರಂಡಿಗೆ ಹೋಯಿತು. ಸೌದೆ ಯಾಕೆ ಇಷ್ಟು ಹೋಗುತ್ತಿದೆ ಅಂತ ಬಾಯ್ಲರ್ ನೋಡಿಕೊಳ್ಳುವ ಅಣ್ಣ ಕೇಳಿದಾಗಲೇ ನನಗೆ ಗೊತ್ತಾಗಿದ್ದು.

ಮೊದಲು ಮೀಟರ್ ಸರಿ ಇದೆಯಾ ನೋಡಿ. ಪ್ರೋಬ್ ಕಳಚಿ, ಕೇಬಲ್ಲಿನ ತುದಿಗೆ 1 ಕಿಲೋಓಮ್‌ನ ರೆಸಿಸ್ಟರ್ ಹಾಕಿ. ಸೆಲ್ ಕಾನ್‌ಸ್ಟಂಟ್ (ಪ್ರೋಬಿನ ಆಕಾರಕ್ಕೆ ತಕ್ಕಂತೆ ಮೀಟರ್ ಗುಣಿಸಿಕೊಳ್ಳುವ ಸಂಖ್ಯೆ) 1.0 ಇಟ್ಟು, ಟೆಂಪರೇಚರ್ ಕಾಂಪೆನ್ಸೇಷನ್ (ಮೇಲೆ ಹೇಳಿದ ಡಿಗ್ರಿಯ ತಿದ್ದುಪಡಿ) ಆಫ್ ಮಾಡಿದರೆ 1000 ಮೈಕ್ರೋಸೀಮೆನ್ಸ್ ಬರಬೇಕು. ಬಂತಾ, ಹಾಗಾದರೆ ಮೀಟರ್ ಮತ್ತು ಕೇಬಲ್ ಎರಡೂ ಸರಿ. ಆ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಲು ಮರೆಯಬೇಡಿ.

ಆಮೇಲೆ ಪ್ರೋಬ್. ಬಾಯ್ಲರ್ ನೀರಿನಲ್ಲಿ ಇದ್ದದ್ದಕ್ಕೆ ತೆಳ್ಳಗೆ ಬಿಳಿ ಪದರ ಕೂತಿರುತ್ತದೆ, ಉಗುರಿನಲ್ಲಿ ಕೆರೆಯಬೇಡಿ. ಸ್ವಲ್ಪ ಹೊತ್ತು ವಿನೆಗರ್‌ನಲ್ಲಿ ನೆನೆಸಿ, ಮೆತ್ತನೆ ಬ್ರಷ್ಷಿನಲ್ಲಿ ತಿಕ್ಕಿ, ಡಿಸ್ಟಿಲ್ಡ್ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಕೊನೆಗೆ ಸ್ವಲ್ಪ ಸ್ಟ್ಯಾಂಡರ್ಡ್ ದ್ರಾವಣದಲ್ಲೇ ಎರಡು ಸಲ ಜಾಲಾಡಿಸಿ ಚೆಲ್ಲಿ. ಇದು ದಂಡ ಅನ್ನಿಸುತ್ತೆ, ಆದರೆ ಪ್ರೋಬಿನಲ್ಲಿ ಉಳಿದ ಎರಡು ಹನಿ ನೀರು ಸಾಕು, ಬೀಕರಿನ ದ್ರಾವಣ ತೆಳ್ಳಗಾಗಲು. ಬಳಸಿದ್ದನ್ನು ಬಾಟಲಿಗೆ ವಾಪಸ್ ಸುರಿಯಲೇಬೇಡಿ.

ಹೊಸದಾಗಿ ಸುರಿದ ದ್ರಾವಣಕ್ಕೆ ಪ್ರೋಬ್ ಇಳಿಸಿ ಬೀಕರಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಪ್ರೋಬಿನ ತೂತಿನಲ್ಲಿ ಸಿಕ್ಕಿದ ಗುಳ್ಳೆ ಮೇಲೆ ಬರುವುದು ಕಣ್ಣಿಗೇ ಕಾಣುತ್ತದೆ. ಒಂದು ಗುಳ್ಳೆ ಉಳಿದರೂ ರೀಡಿಂಗ್ ಕಮ್ಮಿ ಬರುತ್ತೆ. ಈಗ ಒಂದು ಕಾಫಿ ಕುಡಿದು ಬನ್ನಿ, ಹತ್ತು ನಿಮಿಷ. ಪರದೆಯ ಮೇಲಿನ ಡಿಗ್ರಿ ಅಲುಗಾಡದೆ ನಿಂತ ಮೇಲೆ, ಬೇರೆ ಥರ್ಮಾಮೀಟರಿಗೆ ತಾಳೆ ನೋಡಿ, ಆಮೇಲಷ್ಟೇ ಬಟನ್ ಒತ್ತಿ.

ಮುಗಿದ ಮೇಲೆ ಮೀಟರ್ ತೋರಿಸುವ ಹೊಸ ಸೆಲ್ ಕಾನ್‌ಸ್ಟಂಟ್ ಬರೆದಿಡಿ. ಪ್ರೋಬಿನ ಮೇಲೆ 1.0 ಇದ್ದು ಈಗ 1.03 ಬಂದರೆ ಚಿಂತೆ ಇಲ್ಲ. 1.25 ಬಂದರೆ ಸೇವ್ ಮಾಡಬೇಡಿ, ಪದರ ಇನ್ನೂ ಹೋಗಿಲ್ಲ ಅಂತ ಮತ್ತೆ ತೊಳೆಯಿರಿ. ಚೆನ್ನಾಗಿ ತೊಳೆದು, ಹೊಸ ಬಾಟಲಿಯ ದ್ರಾವಣದಲ್ಲಿ ಮೂರು ಸಲ ನೋಡಿದರೂ ಅಷ್ಟೇ ಬಂದರೆ ಆಗ ಪ್ರೋಬ್ ಬದಲಿಸಿ.