ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ಮೇಲು ಅಂತ ಕೇಳಿದ ತಮ್ಮನಿಗೆ

ತಮ್ಮಾ,

ಫಿಲಡೆಲ್ಫಿಯಾ ಹತ್ತಿರ ಹೊಸದಾಗಿ ಕೆಲಸಕ್ಕೆ ಸೇರಿದ್ದೀಯ. ಊಟದ ಹೊತ್ತಿಗೆ ಆಫೀಸಿನವರೆಲ್ಲ ಅಮೆರಿಕನ್ ಫುಟ್‌ಬಾಲ್‌ನ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ, ಅಂದರೆ ಚೆಂಡು ಎಸೆದು ಆಟ ನಡೆಸುವವನಿಗೆ ಬದಲಿಯಾಗಿ ಇರುವವರಲ್ಲಿ, ಯಾರು ಮೇಲು ಅಂತ ವಾದ ಮಾಡುತ್ತಾರೆ, ನನಗೆ ತಲೆಬುಡ ಅರ್ಥವಾಗುವುದಿಲ್ಲ, ಇದನ್ನೂ ಕಲಿಯಬೇಕಾ ಅಂತ ಕೇಳಿದ್ದೀಯ. ಮನೆ, ಕಾರು, ಚಳಿ ಬಟ್ಟೆ ಬಗ್ಗೆಯೂ ಕೇಳಿದ್ದೀಯ. ಅದನ್ನು ಮೊದಲು ಮುಗಿಸುತ್ತೇನೆ. ಮನೆ ರೈಲಿಗೆ ಹತ್ತಿರ ಇರಲಿ. ಕಾರು ಹಳೆಯದೇ ಸಾಕು. ಜಾಕೆಟ್‌ಗೆ ಮಾತ್ರ ದುಡ್ಡಿನ ಮುಖ ನೋಡಬೇಡ. ರಾಗಿ ಹಿಟ್ಟು ಇಲ್ಲಿನ ನಮ್ಮ ಅಂಗಡಿಗಳಲ್ಲೇ ಸಿಗುತ್ತದೆ, ಕಳಿಸಬೇಡ ಅಂತ ಅಮ್ಮನಿಗೆ ಹೇಳು.

ಇನ್ನು ಫುಟ್‌ಬಾಲ್. ಹೌದು, ಕಲಿ. ನಾನು ಬಂದದ್ದು 2006ರಲ್ಲಿ. ನವೆಂಬರಿನ ಒಂದು ಸೋಮವಾರ ಆಫೀಸಿಗೆ ಹೋದರೆ ಯಾರ ಬಾಯಲ್ಲೂ ಮಾತಿಲ್ಲ. ಲೇಆಫ್ ಬಂತೇನೋ ಅಂತ ನನ್ನ ಹೊಟ್ಟೆಯಲ್ಲಿ ತಳಮಳ. ಆಮೇಲೆ ಗೊತ್ತಾಯಿತು, ಹಿಂದಿನ ದಿನದ ಆಟದಲ್ಲಿ ಈ ಊರಿನ ಈಗಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಡೊನೊವನ್ ಮೆಕ್ನಾಬ್‌ಗೆ ಮಂಡಿ ಪೆಟ್ಟಾಗಿ ಆ ಸೀಸನ್ನೇ ಮುಗಿದಿತ್ತು. ಅವನ ಜಾಗಕ್ಕೆ ಬಂದವನು ಜೆಫ್ ಗಾರ್ಸಿಯಾ. ಅವನ ಕೈಯಲ್ಲಿ ಏನಾಗುತ್ತದೆ ಅಂದುಕೊಂಡಿದ್ದರು, ಅವನು ತಂಡವನ್ನು ಡಿವಿಷನ್‌ನಲ್ಲಿ, ಅಂದರೆ ಅದರ ಗುಂಪಿನಲ್ಲಿ, ಗೆಲ್ಲಿಸಿ ಪ್ಲೇಆಫ್ ಅನ್ನುವ ನಾಕೌಟ್ ಹಂತಕ್ಕೆ ಕರೆದುಕೊಂಡು ಹೋದ. ನಾನು ಈ ಆಟ ನೋಡಲು ಶುರು ಮಾಡಿದ್ದೇ ಅವನಿಂದ.

ಕ್ರಿಕೆಟ್‌ನ ಹನ್ನೆರಡನೇ ಆಟಗಾರನ ಹಾಗೆ ಬ್ಯಾಕಪ್ಪನ್ನು ನೋಡಬೇಡ. ಅಲ್ಲಿ ಹನ್ನೆರಡನೆಯವನು ಸಾಮಾನ್ಯವಾಗಿ ಬ್ಯಾಟ್ ಹಿಡಿಯುವುದಿಲ್ಲ. ಇಲ್ಲಿ ಒಂದು ಪೆಟ್ಟು ಬಿತ್ತು ಅಂದರೆ ಇಡೀ ತಂಡದ ವರ್ಷ ಇವನ ಕೈಗೆ ಬರುತ್ತದೆ. ಆದರೆ ವಾರದ ಪ್ರಾಕ್ಟೀಸೆಲ್ಲ ಹೆಚ್ಚುಕಮ್ಮಿ ಮೊದಲನೆಯವನಿಗೇ ಹೋಗುತ್ತದೆ. ಬ್ಯಾಕಪ್ ಆದವನು ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಹೇಗೆ ಆಡುತ್ತಾನೋ ಹಾಗೆ ಆಡಿ ತನ್ನ ತಂಡದ ಡಿಫೆನ್ಸ್‌ಗೆ ಅಭ್ಯಾಸ ಮಾಡಿಸುತ್ತಾನೆ. ತನ್ನ ಆಟ ಆಡಿ ನೋಡಲು ಅವನಿಗೆ ಪುರುಸೊತ್ತೇ ಇಲ್ಲ. 2023ರ ಜನವರಿಯಲ್ಲಿ ಇದೇ ಫಿಲಡೆಲ್ಫಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ರಾಕ್ ಪರ್ಡಿಗೆ ಮೊಣಕೈ ಪೆಟ್ಟು, ಬದಲಿಗೆ ಬಂದ ಜೋಶ್ ಜಾನ್ಸನ್‌ಗೆ ತಲೆಗೆ ಪೆಟ್ಟು. ಚೆಂಡು ಎಸೆಯಲು ಆಗದ ಪರ್ಡಿಯನ್ನೇ ಮತ್ತೆ ಒಳಗೆ ಕಳಿಸಬೇಕಾಯಿತು. 31-7ರಲ್ಲಿ ಸೋತರು. ಆಮೇಲೆ ಲೀಗ್‌ನವರು ತುರ್ತಿಗೆ ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳಬಹುದು ಅಂತ ನಿಯಮ ತಂದರು.

ಹಾಗಾಗಿ ಬರೀ ಅಂಕಿ ಹಿಡಿದು ಹೋಲಿಸಬೇಡ. ಚೇಸ್ ಡೇನಿಯಲ್ ಹತ್ತು ವರ್ಷಕ್ಕೂ ಜಾಸ್ತಿ ಲೀಗ್‌ನಲ್ಲಿದ್ದು ಮೊದಲಿನಿಂದ ಆಡಿದ್ದು 5 ಆಟ ಮಾತ್ರ, ಸಂಪಾದಿಸಿದ್ದು ಸುಮಾರು 4 ಕೋಟಿ ಡಾಲರ್. ಅದು ಸುಮ್ಮನೆ ಕೊಟ್ಟ ದುಡ್ಡಲ್ಲ, ಮೀಟಿಂಗ್ ರೂಮಿನಲ್ಲಿ ಮೊದಲನೆಯವನನ್ನು ತಯಾರು ಮಾಡಿದ್ದಕ್ಕೆ ಕೊಟ್ಟದ್ದು. ಟಾಮ್ ಬ್ರೇಡಿಯ ಹೆಸರು ಯಾರಾದರೂ ಎತ್ತೇ ಎತ್ತುತ್ತಾರೆ. 2001ರಲ್ಲಿ ನ್ಯೂ ಇಂಗ್ಲೆಂಡ್ ತಂಡದ ಡ್ರೂ ಬ್ಲೆಡ್ಸೋಗೆ ಪೆಟ್ಟಾದಾಗ ಬಂದವನು ಆ ಜಾಗ ಬಿಟ್ಟುಕೊಡಲೇ ಇಲ್ಲ. ಅವನು ಬ್ಯಾಕಪ್ ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದು ನನ್ನ ವಾದ.

ನಿನ್ನ ಆಫೀಸಿನವರಿಗೆ ನಿಕ್ ಫೋಲ್ಸ್ ದೇವರು. 2017ರ ಡಿಸೆಂಬರಿನಲ್ಲಿ ಅದ್ಭುತವಾಗಿ ಆಡುತ್ತಿದ್ದ ಈಗಲ್ಸ್‌ನ ಕಾರ್ಸನ್ ವೆಂಟ್ಜ್ ಮಂಡಿಗೆ ಪೆಟ್ಟು ಮಾಡಿಕೊಂಡ. ಫೋಲ್ಸ್ ಬಂದ. ಡಿಸೆಂಬರಿನ ಕೊನೆಗೆ ಅವನ ಆಟ ಕಳೆಗಟ್ಟಲಿಲ್ಲ, ಡಲ್ಲಾಸ್ ವಿರುದ್ಧ ಒಂದು ಪಾಯಿಂಟೂ ಇಲ್ಲದೆ 6-0ಯಲ್ಲಿ ಸೋತರು. ಮುಂದಿನ ಐದು ವಾರಗಳಲ್ಲಿ ಅದೇ ಮನುಷ್ಯ ಮಿನೆಸೋಟಾವನ್ನು 38-7ರಲ್ಲಿ ಹೊಡೆದು, ಲೀಗ್‌ನ ಫೈನಲ್ಲಾದ ಸೂಪರ್ ಬೌಲ್‌ನಲ್ಲಿ ಬ್ರೇಡಿಯ ತಂಡವನ್ನು 41-33ರಲ್ಲಿ ಸೋಲಿಸಿ ಆ ಆಟದ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ, ಆದ. ಆಗ ಹೆಡ್ ಕೋಚ್ ಡಗ್ ಪೀಡರ್ಸನ್, ಅವನ ಜೊತೆಗಿನ ಕೋಚ್ ಫ್ರಾಂಕ್ ರೈಕ್. ಇಬ್ಬರೂ ಒಂದು ಕಾಲದಲ್ಲಿ ಬ್ಯಾಕಪ್‌ಗಳೇ. ರೈಕ್ ಅಂತೂ 1993ರ ಜನವರಿಯಲ್ಲಿ ಜಿಮ್ ಕೆಲ್ಲಿ ಬದಲು ಆಡಿ, 35-3ರಲ್ಲಿ ಹಿಂದಿದ್ದ ಬಫಲೋವನ್ನು 41-38ರಲ್ಲಿ ಗೆಲ್ಲಿಸಿದವನು. ಬೆಂಚಿನಿಂದ ಎದ್ದು ಬಂದವನಿಗೆ ಏನು ಬೇಕು ಅಂತ ಇಬ್ಬರಿಗೂ ಗೊತ್ತಿತ್ತು. ವೆಂಟ್ಜ್ ಆಟವನ್ನು ಫೋಲ್ಸ್ ಮೇಲೆ ಹೇರದೆ ಅವನಿಗೆ ಒಗ್ಗುವ ಆಟ ಕಟ್ಟಿಕೊಟ್ಟರು. ಅದೇ ಫೋಲ್ಸ್ 2019ರಲ್ಲಿ ಜಾಕ್ಸನ್‌ವಿಲ್‌ಗೆ ದೊಡ್ಡ ದುಡ್ಡಿಗೆ ಹೋದ, ಮೊದಲ ಆಟದಲ್ಲೇ ಮೂಳೆ ಮುರಿಯಿತು, ಅವನ ಬ್ಯಾಕಪ್ ಗಾರ್ಡ್ನರ್ ಮಿನ್‌ಶ್ಯೂ ಹೆಸರು ಮಾಡಿದ.

ಆದರೆ ಫೋಲ್ಸ್ ಗೆದ್ದ ಆ ಚಳಿಗಾಲ ನಾನು ನೋಡುತ್ತಿದ್ದದ್ದು ವೆಂಟ್ಜ್‌ನ ಮುಖವನ್ನು. ಅಮ್ಮನ ಆಪರೇಷನ್ ಅಂತ ಹಾಸನಕ್ಕೆ ಹೋಗಿದ್ದೆ, ವೀಸಾ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವುದು, ತಡವಾಗಿ ಅಲ್ಲೇ ಉಳಿಯಬೇಕಾಯಿತು. ಇಲ್ಲಿ ನನ್ನ ಪ್ರಾಜೆಕ್ಟನ್ನು ಇನ್ನೊಬ್ಬರಿಗೆ ಕೊಟ್ಟರು. ಅವರು ಚೆನ್ನಾಗಿಯೇ ಮಾಡಿದರು. ನಾನು ವಾಪಸ್ ಬಂದಾಗ ಊರಿಗೆ ಊರೇ ಹಸಿರು ಬಾವುಟ ಕಟ್ಟಿಕೊಂಡು ಸಂಭ್ರಮದಲ್ಲಿತ್ತು, ನಾನು ಕಟ್ಟಿದ ಕೆಲಸ ಬೇರೆಯವರ ಹೆಸರಿನಲ್ಲಿ ಮುಗಿದಿತ್ತು. ಯಾರೂ ನನಗೆ ಕೆಟ್ಟದ್ದು ಬಗೆದಿರಲಿಲ್ಲ, ಅದೇ ಜಾಸ್ತಿ ನೋಯಿಸಿದ್ದು. ಬೈಯಲು ಒಬ್ಬರಾದರೂ ಇದ್ದಿದ್ದರೆ ಹಗುರವಾಗುತ್ತಿತ್ತು. ಟೀವಿಯಲ್ಲಿ ವೆಂಟ್ಜ್ ಗೆಳೆಯರ ಜೊತೆ ನಗುತ್ತಾ ನಿಂತಿದ್ದ. ಆ ವರ್ಷದ ಹೆಚ್ಚಿನ ಗೆಲುವು ಅವನದೇ, ಆದರೆ ಸ್ಟೇಡಿಯಮ್ಮಿನ ಹತ್ತಿರ ಪ್ರತಿಮೆ ನಿಂತದ್ದು ಫೋಲ್ಸ್ ಮತ್ತು ಪೀಡರ್ಸನ್ ಅವರದ್ದು. ವೆಂಟ್ಜ್ ಮುಂದೆ ತಾನೇ ಬ್ಯಾಕಪ್ ಆದ. 2025ರ ಫೆಬ್ರವರಿಯಲ್ಲಿ ಈಗಲ್ಸ್ ಇನ್ನೊಂದು ಸೂಪರ್ ಬೌಲ್ ಗೆದ್ದಾಗ ಅವನು ಸೋತ ಕ್ಯಾನ್ಸಸ್ ಸಿಟಿಯ ಕಡೆ ನಿಂತಿದ್ದ. ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ಕುಣಿದರು, ನನಗೆ ಮಾತ್ರ ಅವನ ನೆನಪೇ.

ಅದಕ್ಕೇ ಹೇಳುತ್ತೇನೆ, ಊರಿಗೆ ಹೋಗುವ ಮುಂಚೆ ಕೆಲಸ ಯಾರ ಕೈಗೆ ಕೊಡುತ್ತೀಯ, ಬಂದ ಮೇಲೆ ಏನು ಮಾಡುತ್ತೀಯ ಅಂತ ಮ್ಯಾನೇಜರ್ ಹತ್ತಿರ ಈಮೇಲ್‌ನಲ್ಲಿ ಬರೆಸಿಕೋ. ಪ್ರಾಜೆಕ್ಟ್ ರಿಲೀಸ್ ಹತ್ತಿರ ಇರುವಾಗ ಸ್ಟಾಂಪಿಂಗ್ ಇಟ್ಟುಕೊಳ್ಳಬೇಡ. ಆದರೆ ಅಮ್ಮನಿಗೆ ಹುಷಾರಿಲ್ಲ ಅಂದರೆ ಇದ್ಯಾವುದನ್ನೂ ಯೋಚಿಸದೆ ಟಿಕೆಟ್ ತಗೋ. ನಾನು ಇವತ್ತಾದರೂ ಹಾಗೇ ಮಾಡುತ್ತೇನೆ.

ಯಾರು ಮೇಲು ಅಂತ ನಿನ್ನನ್ನು ಕೇಳಿದರೆ ಅರ್ಲ್ ಮೊರಾಲ್ ಅಂತ ಹೇಳು. 1972ರಲ್ಲಿ ಮಯಾಮಿಯ ಬಾಬ್ ಗ್ರೀಸಿ ಕಾಲು ಮುರಿದುಕೊಂಡಾಗ ಮೊರಾಲ್‌ಗೆ 38 ವರ್ಷ. ಅವನು ಮೊದಲಿನಿಂದ ಆಡಿದ ಆಟ ಒಂದನ್ನೂ ಆ ವರ್ಷ ತಂಡ ಸೋಲಲಿಲ್ಲ. ಸೂಪರ್ ಬೌಲ್‌ಗೆ ಮುಂಚಿನ ಆಟದಲ್ಲಿ ಅರ್ಧ ಮುಗಿದ ಮೇಲೆ ಕೋಚ್ ಡಾನ್ ಶುಲಾ ಗ್ರೀಸಿಯನ್ನು ಕಳಿಸಿದ, ಮೊರಾಲ್ ಜಾಗ ಬಿಟ್ಟುಕೊಟ್ಟ. ತಂಡ 17ಕ್ಕೆ 17 ಗೆದ್ದಿತು. ಇಷ್ಟು ಗೆದ್ದೂ ಬಿಟ್ಟುಕೊಟ್ಟವನು ನನಗೆ ಇನ್ನೊಬ್ಬ ಕಾಣುವುದಿಲ್ಲ. ಫೋಲ್ಸ್ ಕಡೆಯವರು ಮೇಲೆ ಬೀಳುತ್ತಾರೆ, ಬೀಳಲಿ. ಊಟದ ಹೊತ್ತು ಮುಗಿಯುವವರೆಗೂ ವಾದ ಮಾಡು.