ಮುಂಬೈ ಪಕ್ಕದ ಠಾಣೆಯ ನರ್ಸಿಂಗ್ ಟೀಚರ್ ಪತ್ರಕ್ಕೆ ಸಂಪಾದಕರ ಉತ್ತರ

ಟೀಚರೇ, ಹೆಸ್ರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ಇಷ್ಟು: ಇವ್ರು ಕುಂದಾಪುರದ ಕಡೆಯವ್ರು, ಠಾಣೆಯ ಒಂದು ನರ್ಸಿಂಗ್ ಸ್ಕೂಲಲ್ಲಿ ಟ್ಯೂಟರ್. ಪ್ರಿನ್ಸಿಪಾಲ್ ಮೇಡಂ ವಾರ್ಡಲ್ಲೇ ಸ್ಟೂಡೆಂಟ್ಸ್ ಎದುರು ಬೈತಾರೆ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಲ್ಲಿ ಇನ್‌ಸ್ಪೆಕ್ಷನ್ ಫೈಲ್ ಕೇಳ್ತಾರೆ, ಈಗ ನಾನೂ ಮಕ್ಕಳ ಮೇಲೆ ಹಾಗೇ ರೇಗ್ತೇನೆ, ಕೆಲ್ಸ ಬಿಡ್ಲಾ ಅಂತ ಕೇಳಿದ್ದಾರೆ.

ನೀವು ಕೊನೇಲಿ ಸುಮ್ನೆ ಅನ್ನೋ ಹಾಗೆ ಬರೆದ್ರಲ್ಲ, ಸೆಕೆಂಡ್ ಇಯರ್ ಹುಡುಗಿ ಒಬ್ಳು ಆರು ಬೆಡ್ಡಿನ ಚಾರ್ಟಲ್ಲೂ ನೋಡ್ದೇನೇ ಬಿಪಿ 120/80 ಅಂತ ಗೀಚಿಟ್ಟಿದ್ಳು ಅಂತ, ನಂಗೆ ಎಲ್ಲಕ್ಕಿಂತ ಹೆದ್ರಿಕೆ ಆದದ್ದು ಅದನ್ನೋದಿ. ಸ್ಟೆತಾಸ್ಕೋಪಲ್ಲಿ ಸದ್ದು ಕೇಳ್ತಿಲ್ಲ, ಇನ್ನೊಂದ್ಸಲ ತೋರ್ಸಿ ಅನ್ನೋಕೆ ಬಾಯಿ ಬರ್ಲಿಲ್ಲ ಅವ್ಳಿಗೆ, ಕೇಳಿದ್ರೆ ಬೈಗುಳ ಗ್ಯಾರಂಟಿ. ನಾಳೆ ಡೋಸ್ ತಪ್ಪಿದ್ರೂ ಹೀಗೇ ಮುಚ್ಚಿಡ್ತಾಳೆ. ಬೈಸಿಕೊಂಡದ್ದು ನೀವು, ಪೆಟ್ಟು ಬೀಳೋದು ಬೆಡ್ಡಲ್ಲಿ ಮಲಗಿದ ಅಜ್ಜನಿಗೆ. ಹಾಗಾಗಿ ಮೇಡಂ ಹತ್ರ ಹೋದಾಗ ನಿಮ್ಮ ಅವಮಾನದ ಕಥೆಯಿಂದ ಶುರು ಮಾಡ್ಬೇಡಿ, ಹುಡುಗಿ ಹೆಸ್ರೆತ್ತದೆ ಈ ಚಾರ್ಟಿಂದ ಶುರು ಮಾಡಿ. ಒಬ್ರೇ ಹೋಗ್ಬೇಡಿ ಮಾರಾಯ್ರೇ, ಇನ್ನಿಬ್ರು ಟ್ಯೂಟರ್ಸ್‌ನ ಕರ್ಕೊಂಡು ಹೋಗಿ. ತಪ್ಪು ಹೇಳೋದಿದ್ರೆ ರೂಮಿಗೆ ಕರೆದು ಹೇಳಿ ಅನ್ನೋದೊಂದೇ ಮೊದ್ಲು ಕೇಳಿ.

ಶಿಸ್ತು ಬೇಡ್ವಾ ಅಂತ ಮೇಡಂ ಕೇಳ್ಬಹುದು. ಬೇಕು, ಕೈ ತೊಳೀದೆ ಡ್ರೆಸ್ಸಿಂಗಿಗೆ ಹೋದವ್ಳನ್ನ ತಡೀಲೇಬೇಕು, ಅದಕ್ಕೆ ಕಿರ್ಚಾಡ್ಬೇಕಂತಿಲ್ಲ. ಅಮೆರಿಕದ ಕ್ರಿಟಿಕಲ್ ಕೇರ್ (ಐಸಿಯು) ನರ್ಸ್‌ಗಳ ಸಂಘ 2005ರಲ್ಲಿ ಒಳ್ಳೆ ಕೆಲ್ಸದ ವಾತಾವರಣಕ್ಕೆ ಆರು ಮಾನದಂಡ ಹಾಕ್ತು, ಅದ್ರಲ್ಲೊಂದು ಮಾತಾಡೋ ಕೌಶಲ: ರೋಗಿಯ ಆರೈಕೆಯಲ್ಲಿ ಎಷ್ಟು ಪಳಗಿರ್ಬೇಕೋ ಮಾತಲ್ಲೂ ಅಷ್ಟೇ ಪಳಗಿರ್ಬೇಕು ಅಂತ. ಸಾಕಷ್ಟು ಜನ ಇರ್ಬೇಕು ಅನ್ನೋದೂ ಆ ಆರರಲ್ಲಿದೆ. ನಮ್ಮಲ್ಲೂ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹತ್ತು ವಿದ್ಯಾರ್ಥಿಗೆ ಒಬ್ಬ ಟೀಚರ್ ಅಂತ ಇಟ್ಟಿದೆ. ನಿಮ್ಮಲ್ಲಿ ನಿಜವಾಗಿ ಪಾಠ ಮಾಡೋರು ಎಷ್ಟು ಜನ, ಫೈಲಲ್ಲಿ ಮಾತ್ರ ಇರೋರೆಷ್ಟು, ಎಣಿಸಿ ನೋಡಿ. ಮೇಡಂ ಸಿಟ್ಟಿನ ಅರ್ಧ ಕಾರಣ ಅಲ್ಲೇ ಸಿಕ್ಕೀತು.

ಪಾಶ್ ಕಮಿಟಿಗೆ ದೂರು ಕೊಡ್ಲಾ ಅಂತನೂ ಕೇಳಿದ್ರಿ. ಹತ್ತು ಅಥವಾ ಹೆಚ್ಚು ಜನ ಕೆಲ್ಸ ಮಾಡೋ ಕಡೆ ಆ ಕಮಿಟಿ ಇರ್ಲೇಬೇಕು, 2013ರ ಕಾನೂನು, ಆದ್ರೆ ಅದು ಲೈಂಗಿಕ ಕಿರುಕುಳಕ್ಕೆ, ಬೈಗುಳಕ್ಕೆ ಬರೋದಿಲ್ಲ. ಬಟ್ಟೆ ಬದಲಿಸೋ ರೂಮಿಗೆ ಚಿಲಕ ಇಲ್ಲ ಅಂದ್ರಲ್ಲ, ಅದನ್ನ ಮಾತ್ರ ಇವತ್ತೇ ಬರವಣಿಗೇಲಿ ಕೊಡಿ. ನಮ್ಮ ಹಳದೀಪುರದ ನರ್ಸ್ ಅರುಣಾ ಶಾನಭಾಗ ಮೇಲೆ 1973ರಲ್ಲಿ ಮುಂಬೈ ಪರೇಲಿನ ಕೆಇಎಂ ಆಸ್ಪತ್ರೇಲಿ ದಾಳಿ ಆದದ್ದು ಬೇಸ್‌ಮೆಂಟಲ್ಲಿ ಬಟ್ಟೆ ಬದಲಿಸುವಾಗ, ಆಮೇಲೆ ಪ್ರಜ್ಞೆ ಕಳ್ಕೊಂಡು ಮಲಗಿದ್ದ ಅವ್ರನ್ನ 2015ರಲ್ಲಿ ತೀರ್ಕೊಳ್ಳೋವರೆಗೆ ನೋಡ್ಕೊಂಡವ್ರು ಅಲ್ಲಿನ ನರ್ಸ್‌ಗಳೇ.

ಇನ್ನು ಹನ್ನೊಂದರ ಮೆಸೇಜಿಗೆ ಬೆಳಿಗ್ಗೆ ಎಂಟಕ್ಕೆ ಉತ್ರ ಕೊಡಿ, ವಿನಯವಾಗೇ. ಆ ಹುಡುಗೀನ ಕೂರಿಸ್ಕೊಂಡು ನಿಮ್ಮ ತೋಳಿಗೇ ಕಫ್ ಪಟ್ಟಿ ಕಟ್ಟಿ ಬಿಪಿ ನೋಡೋದು ಹೇಳ್ಕೊಡಿ. ಇಷ್ಟಾದ್ಮೇಲೂ ಬಿಡೋದೇ ಅಂತಾದ್ರೆ ಬಿಡಿ, ತಪ್ಪೇನಿಲ್ಲ, ಆದ್ರೆ ಒರಿಜಿನಲ್ ಸರ್ಟಿಫಿಕೇಟ್ ಅವ್ರ ಕಪಾಟಲ್ಲಿದ್ರೆ ಮೊದ್ಲು ಅದನ್ನ ಕೈಗೆ ತಗೊಳ್ಳಿ, ಆಮೇಲೆ ರಾಜೀನಾಮೆ.